ಮುಟ್ಟಿದವರಿಗೆ ಮಾತ್ರ ತೆರೆಯುವ ಬೀಗ

ವಾಶಿಯ ಮಾಲ್‌ನ ಬಾಗಿಲಲ್ಲಿ, ಬೇಲಾಪುರದ ಮೆಟ್ರೊ ಸ್ಟೇಷನ್ನಿನಲ್ಲಿ, ಪೇಸ್‌ಮೇಕರ್ ಹಾಕಿಸಿಕೊಂಡವರು ಜೇಬಿನಿಂದ ಒಂದು ಕಾರ್ಡು ತೆಗೆದು ತೋರಿಸುತ್ತಾರೆ. ಸೆಕ್ಯುರಿಟಿಯವರು ಕೈಯಲ್ಲಿ ತಡವಿ ಒಳಗೆ ಬಿಡುತ್ತಾರೆ. ಮನೆಯಲ್ಲೂ ಕೆಲವು ನಿಯಮಗಳಿರುತ್ತವೆ: ಮೊಬೈಲ್ ಎಡಜೇಬಿನಲ್ಲಿ ಇಡಬಾರದು, ಬಲಗಿವಿಗೆ ಹಿಡಿದು ಮಾತಾಡಬೇಕು, ಸ್ಪೀಕರಿನ ದೊಡ್ಡ ಅಯಸ್ಕಾಂತದ ಹತ್ತಿರ ಹೋಗಬಾರದು. ಇದೆಲ್ಲ ನಮಗೆ ಗೊತ್ತು. ಏಕೆ ಎಂದು ಕೇಳಿದರೆ ‘ಮಷೀನಿಗೆ ತೊಂದರೆ ಆಗ್ತದಂತೆ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಆದರೆ ಆ ಮಷೀನು ಟೈಟಾನಿಯಂ ಡಬ್ಬಿಯಲ್ಲಿ ಮುಚ್ಚಿಹೋಗಿ ಚರ್ಮದ ಅಡಿಯಲ್ಲಿದೆ. ಚಾರ್ಜರ್ ಚುಚ್ಚಲು ಅದಕ್ಕೆ ತೂತಿಲ್ಲ, ಒತ್ತಲು ಗುಂಡಿಯಿಲ್ಲ. ಹೀಗಿದ್ದೂ ಆರು ತಿಂಗಳಿಗೊಮ್ಮೆ ಚೆಕಪ್‌ಗೆ ಹೋದರೆ ಬ್ಯಾಟರಿ ಇನ್ನೆಷ್ಟು ವರ್ಷ ಬರುತ್ತದೆ ಎಂದು ಹೇಳುತ್ತಾರೆ, ಬಡಿತದ ವೇಗವನ್ನೂ ಬದಲಿಸುತ್ತಾರೆ. ಕತ್ತರಿ ಹಾಕುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಅಂದರೆ ಹೊರಗಿನಿಂದ ಒಳಕ್ಕೆ ಒಂದು ದಾರಿ ಇದೆ. ಡಾಕ್ಟರಿಗೆ ತೆರೆಯುವ ಆ ದಾರಿ ಬೇರೆಯವರಿಗೂ ತೆರೆಯುತ್ತದೆಯೆ?

ಬೇಕೆಂದೇ ಇಟ್ಟ ಬಾಗಿಲು

ಅಯಸ್ಕಾಂತದಿಂದ ಶುರುಮಾಡೋಣ. ಪೇಸ್‌ಮೇಕರಿನೊಳಗೆ ಅಯಸ್ಕಾಂತವನ್ನು ಗುರುತಿಸುವ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಎದೆಯ ಮೇಲೆ ಅಯಸ್ಕಾಂತ ಇಟ್ಟರೆ ಸಾಧಾರಣವಾಗಿ ಪೇಸ್‌ಮೇಕರು ಹೃದಯದ ಸ್ವಂತ ಬಡಿತಕ್ಕೆ ಕಿವಿಗೊಡುವುದನ್ನು ಬಿಟ್ಟು, ಒಂದೇ ನಿಗದಿತ ವೇಗದಲ್ಲಿ ಮಿಡಿಯತೊಡಗುತ್ತದೆ. ತೆಗೆದರೆ ಮತ್ತೆ ಮೊದಲಿನಂತೆ. ಇನ್ನೊಂದು ಬಗೆಯ ಸಾಧನ ಐಸಿಡಿ. ಹೃದಯ ಲಯ ತಪ್ಪಿ ಅದುರತೊಡಗಿದಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುವುದು ಅದರ ಕೆಲಸ. ಅದರ ಮೇಲೆ ಅಯಸ್ಕಾಂತ ಇದ್ದಷ್ಟು ಹೊತ್ತು ಶಾಕ್ ಕೊಡುವ ಕೆಲಸ ಅಮಾನತಿನಲ್ಲಿರುತ್ತದೆ.

ಇದನ್ನು ಬೇಕೆಂದೇ ಇಟ್ಟಿದ್ದಾರೆ. ಆಪರೇಷನ್ ಥಿಯೇಟರಿನಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಉಪಕರಣ ಬಳಸುವಾಗ ಹುಟ್ಟುವ ಗದ್ದಲವನ್ನು ಐಸಿಡಿ ಹೃದಯದ ಅದುರುವಿಕೆ ಎಂದು ತಪ್ಪು ತಿಳಿದು ಶಾಕ್ ಕೊಟ್ಟೀತು. ಆಗ ಯಾವ ಕಂಪನಿಯ ಸಾಧನ, ಯಾವ ಮಾಡೆಲ್ ಎಂದು ಹುಡುಕುತ್ತ ಕೂರುವಂತಿಲ್ಲ. ಒಂದು ಅಯಸ್ಕಾಂತ ಇಟ್ಟರೆ ಸಾಕು. ಪಾಸ್‌ವರ್ಡ್ ಇಲ್ಲ, ಗುರುತಿನ ಚೀಟಿ ಇಲ್ಲ. ಎದೆಯವರೆಗೆ ಕೈ ತಂದವರೆಲ್ಲ ಆಪ್ತರೇ ಎಂಬ ನಂಬಿಕೆಯ ಮೇಲೆ ಈ ಬಾಗಿಲು ನಿಂತಿದೆ.

ಆ ನಂಬಿಕೆಗೆ ಇತ್ತೀಚೆಗೆ ಪೆಟ್ಟು ಕೊಟ್ಟದ್ದು ಫೋನು. ಡೆಟ್ರಾಯಿಟಿನ ಹೆನ್ರಿ ಫೋರ್ಡ್ ಆಸ್ಪತ್ರೆಯ ವೈದ್ಯರು ಐಫೋನ್ 12 ಅನ್ನು ಒಬ್ಬ ರೋಗಿಯ ಐಸಿಡಿಯ ಹತ್ತಿರ ತಂದಾಗ ಶಾಕ್ ಚಿಕಿತ್ಸೆ ಅಮಾನತಾಯಿತೆಂದು 2021ರ ಜನವರಿಯಲ್ಲಿ ‘ಹಾರ್ಟ್ ರಿದಮ್’ ಪತ್ರಿಕೆಯಲ್ಲಿ ವರದಿಯಾಯಿತು. ಚಾರ್ಜರ್ ಅಂಟಿಕೊಳ್ಳಲೆಂದು ಆ ಫೋನಿನ ಬೆನ್ನಿಗೆ ಅಯಸ್ಕಾಂತದ ಉಂಗುರ ಕೂರಿಸಿದ್ದರು. ಫೋನನ್ನು ಕನಿಷ್ಠ 15 ಸೆಂಟಿಮೀಟರ್ ದೂರ ಇಡಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಎಡಜೇಬಿನ ನಿಯಮಕ್ಕೆ ಇದೂ ಒಂದು ಕಾರಣ.

ಪರೀಕ್ಷೆಯ ಮಂಚದ ಮೇಲೆ

ಇನ್ನೊಂದು ಬಾಗಿಲು ರೇಡಿಯೊ. ಚೆಕಪ್‌ಗೆ ಹೋದವರು ಮಂಚದ ಮೇಲೆ ಮಲಗುತ್ತಾರೆ. ಕೈಕಾಲಿಗೆ ಇಸಿಜಿಯ ತಂತಿ ಹಚ್ಚುತ್ತಾರೆ. ಅಂಗೈಯಗಲದ ಒಂದು ವ್ಯಾಂಡನ್ನು ಎಡ ಹೆಗಲಿನ ಕೆಳಗೆ, ಡಬ್ಬಿ ಉಬ್ಬಿಕೊಂಡಿರುವ ಕಡೆ ಇಡುತ್ತಾರೆ. ಅದರ ತಂತಿ ಹೋಗುವುದು ‘ಪ್ರೋಗ್ರಾಮರ್’ ಎಂಬ ಕಂಪ್ಯೂಟರಿಗೆ. ತೆರೆಯ ಮೇಲೆ ಬ್ಯಾಟರಿಯ ಆಯುಸ್ಸು, ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿಯ (ಲೀಡಿನ) ಸ್ಥಿತಿ, ಶೇಕಡಾ ಎಷ್ಟು ಬಡಿತ ಯಂತ್ರದ್ದು, ಯಾವ ತಾರೀಕು ಎಷ್ಟು ಗಂಟೆಗೆ ಲಯ ತಪ್ಪಿತ್ತು ಎಂಬುದೆಲ್ಲ ಮೂಡುತ್ತದೆ. ಟೆಕ್ನೀಷಿಯನ್ ವೇಗ ಏರಿಸಿ ಪರೀಕ್ಷಿಸುವಾಗ, ಮಲಗಿದವರಿಗೆ ತಮ್ಮ ಎದೆ ಇದ್ದಕ್ಕಿದ್ದಂತೆ ಜೋರಾಗಿ ಹೊಡೆದುಕೊಳ್ಳುವುದು ಗೊತ್ತಾಗುತ್ತದೆ. ಓಡಲಿಲ್ಲ, ಹೆದರಲಿಲ್ಲ, ಪಕ್ಕದಲ್ಲಿ ಕೂತವರು ತೆರೆಯ ಮೇಲೊಂದು ಅಂಕಿ ಬದಲಿಸಿದರು, ಅಷ್ಟೇ.

ವ್ಯಾಂಡಿಗೂ ಡಬ್ಬಿಗೂ ನಡುವೆ ನಡೆಯುವ ಈ ಮಾತುಕತೆಯನ್ನು ಮೂರನೆಯವರು ಕೇಳಬಹುದೆ? 2008ರವರೆಗೆ ಈ ಪ್ರಶ್ನೆಯನ್ನು ಬಹಿರಂಗವಾಗಿ ಪ್ರಯೋಗಕ್ಕೆ ಒಡ್ಡಿದವರು ಇರಲಿಲ್ಲ.

ಕೇಳಿದ್ದನ್ನೇ ಮತ್ತೆ ಹೇಳುವುದು

ಆ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳ ಕೆವಿನ್ ಫು, ತಡಯೋಶಿ ಕೊಹ್ನೊ ಮತ್ತು ಸಂಗಡಿಗರು, ಹೃದ್ರೋಗ ತಜ್ಞ ವಿಲಿಯಂ ಮೈಸೆಲ್ ಜತೆ ಸೇರಿ, ಮೆಡ್‌ಟ್ರಾನಿಕ್ ಕಂಪನಿಯ ಒಂದು ಐಸಿಡಿಯನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟರು. ಅದು 175 ಕಿಲೊಹರ್ಟ್ಸ್ ಕಂಪನಾಂಕದಲ್ಲಿ ಮಾತಾಡುತ್ತಿತ್ತು. ಆ ಮಾತನ್ನು ಸಾಫ್ಟ್‌ವೇರ್ ರೇಡಿಯೊದಲ್ಲಿ ಹಿಡಿದು ನೋಡಿದರೆ ರೋಗಿಯ ಹೆಸರು, ಹುಟ್ಟಿದ ದಿನ, ಕಾಯಿಲೆಯ ವಿವರ ಎಲ್ಲ ಮುಚ್ಚುಮರೆಯಿಲ್ಲದೆ ಹರಿಯುತ್ತಿದ್ದವು.

ಮುಂದಿನ ಹೆಜ್ಜೆ ಇನ್ನೂ ಸುಲಭವಾಗಿತ್ತು. ಪ್ರೋಗ್ರಾಮರ್ ಕಳಿಸಿದ ಆಜ್ಞೆಯನ್ನು ರೆಕಾರ್ಡ್ ಮಾಡಿಕೊಂಡು ಹಾಗೆಯೇ ಮತ್ತೆ ಬಿತ್ತರಿಸಿದರು. ಆ ಆಜ್ಞೆಯ ಒಳರಚನೆಯನ್ನು ಪೂರ್ತಿ ಬಿಡಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಐಸಿಡಿ ವಿಧೇಯವಾಗಿ ಪಾಲಿಸಿತು: ಚಿಕಿತ್ಸೆ ನಿಲ್ಲಿಸು ಎಂದರೆ ನಿಲ್ಲಿಸಿತು, ಪರೀಕ್ಷೆಗೆಂದು ಇರುವ ಶಾಕ್ ಕೊಡು ಎಂದರೆ ಕೊಟ್ಟಿತು. ಇದನ್ನು ‘ಮರುನುಡಿ ದಾಳಿ’ ಎನ್ನೋಣ. ಹೇಳುತ್ತಿರುವುದು ಯಾರು, ಹೇಳುತ್ತಿರುವುದು ಈಗಲೋ ಹಿಂದೆ ಯಾವಾಗಲೋ ಎಂದು ವಿಚಾರಿಸುವ ಅಭ್ಯಾಸ ಆ ಸಾಧನಕ್ಕೆ ಇರಲಿಲ್ಲ.

ಒಂದೇ ಸಮಾಧಾನವೆಂದರೆ ಈ ಪ್ರಯೋಗ ನಡೆದದ್ದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ. ಅಂತರವೇ ಬೀಗ ಎಂದು ಎಲ್ಲರೂ ನೆಚ್ಚಿಕೊಂಡಿದ್ದರು. ಬೆಳಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತುವವರಿಗೆ ಈ ಬೀಗದ ಬೆಲೆ ಎಷ್ಟೆಂದು ವಿವರಿಸಬೇಕಿಲ್ಲ. ಕಲ್ಯಾಣದಿಂದಲೇ ತುಂಬಿ ಬಂದ ಡಬ್ಬಿಯಲ್ಲಿ ಒಬ್ಬರ ಎದೆಗೂ ಇನ್ನೊಬ್ಬರ ಬೆನ್ನಿನ ಬ್ಯಾಗಿಗೂ ನಡುವೆ ಸೆಂಟಿಮೀಟರೂ ಇರುವುದಿಲ್ಲ, ಮತ್ತು ಹಾಗೆ ಒತ್ತಿಕೊಂಡು ನಿಂತವರು ಠಾಣೆ ಬರುವವರೆಗೂ ಅಪರಿಚಿತರೇ.

ಸೆಂಟಿಮೀಟರಿನಿಂದ ಮೀಟರಿಗೆ

ಅಷ್ಟರಲ್ಲಿ ಆ ಅಂತರವೂ ಹಿಗ್ಗತೊಡಗಿತ್ತು. ಆಪರೇಷನ್ ನಡೆಯುವಾಗ ವ್ಯಾಂಡನ್ನು ಗಾಯದ ಹತ್ತಿರ ತರುವುದು ಸೋಂಕಿನ ದೃಷ್ಟಿಯಿಂದ ತೊಡಕು. ಮನೆಯಲ್ಲಿ ಹಾಸಿಗೆಯ ಪಕ್ಕದ ಪೆಟ್ಟಿಗೆಯೊಂದು ರಾತ್ರಿ ತಾನಾಗಿ ಮಾಹಿತಿ ಓದಿಕೊಂಡರೆ ಆಸ್ಪತ್ರೆಯ ಓಡಾಟ ತಪ್ಪುತ್ತದೆ. ಇದಕ್ಕಾಗಿ ಅಮೆರಿಕ 1999ರಲ್ಲಿ 402ರಿಂದ 405 ಮೆಗಾಹರ್ಟ್ಸ್ ಪಟ್ಟಿಯನ್ನು ದೇಹದೊಳಗಿನ ಸಾಧನಗಳಿಗೆಂದು ಮೀಸಲಿಟ್ಟಿತು. ಭಾರತವೂ ಇದೇ ಪಟ್ಟಿಯಲ್ಲಿ 25 ಮೈಕ್ರೊವಾಟ್ ಮೀರದ ವೈದ್ಯಕೀಯ ಸಾಧನಗಳಿಗೆ ಪರವಾನಗಿ ಬೇಡ ಎಂದಿದೆ. ಅತಿ ಕ್ಷೀಣ ಶಕ್ತಿ, ಆದರೂ ಕೆಲವು ಮೀಟರ್ ದೂರಕ್ಕೆ ಕೇಳಿಸುತ್ತದೆ.

2019ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರ ಒಂದು ಎಚ್ಚರಿಕೆ ಹೊರಡಿಸಿತು. ಮೆಡ್‌ಟ್ರಾನಿಕ್‌ನ ಹಲವು ಐಸಿಡಿ ಮಾಡೆಲ್‌ಗಳು ಬಳಸುವ ‘ಕಾನೆಕ್ಸಸ್’ ಎಂಬ ರೇಡಿಯೊ ಮಾತುಕತೆಯಲ್ಲಿ ಎದುರಿನವರು ಯಾರೆಂದು ಕೇಳುವ ಕ್ರಮವೂ ಇಲ್ಲ, ಮಾತನ್ನು ಗೂಢಲಿಪಿಗೆ ತಿರುಗಿಸುವ ಕ್ರಮವೂ ಇಲ್ಲ ಎಂದಿತು. ಗಂಭೀರತೆಗೆ 10ಕ್ಕೆ 9.3 ಅಂಕ ಸಿಕ್ಕಿತು. ಅದೇ ಕಂಪನಿಯ ಪೇಸ್‌ಮೇಕರುಗಳಿಗೆ ಈ ದೋಷ ಇರಲಿಲ್ಲ. ದಾಳಿ ಮಾಡುವವರಿಗೆ ವಿಶೇಷ ಉಪಕರಣ ಬೇಕು, ಹತ್ತಿರದಲ್ಲಿರಬೇಕು, ಸಾಧನದ ರೇಡಿಯೊ ಎಚ್ಚರವಾಗಿರುವ ಸಮಯವೇ ಆಗಬೇಕು ಎಂದೂ ಹೇಳಿತು. ಆದರೂ 2008ರ ಪಾಠ 11 ವರ್ಷವಾದರೂ ಪೂರ್ತಿ ಇಳಿದಿರಲಿಲ್ಲ.

ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅಷ್ಟು ಕಾಯಲಿಲ್ಲ. 2007ರಲ್ಲಿ ಅವರ ಸಾಧನ ಬದಲಿಸುವಾಗ ವೈದ್ಯ ಜೊನಾಥನ್ ರೈನರ್ ಅದರ ನಿಸ್ತಂತು ಸೌಲಭ್ಯವನ್ನೇ ಮುಚ್ಚಿಸಿದ್ದರು. 2013ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಇದು ಹೊರಬಿತ್ತು. ಬೆನ್ನ ಹಿಂದೆ ಸದಾ ವೈದ್ಯರಿರುವ ಉಪಾಧ್ಯಕ್ಷರಿಗೆ ಅದು ಸರಿಹೋದೀತು. ಉಳಿದವರಿಗೆ ದೂರದಿಂದ ಸಿಗುವ ಆ ನಿಗಾ ಬೇಕು.

ಬಲವಾದ ಬೀಗ ಹಾಕಿದರೆ?

ಬ್ಯಾಂಕಿಗೆ ಒಟಿಪಿ ಇದೆ, ಫೋನಿಗೆ ಬೆರಳಚ್ಚು ಇದೆ. ಹೃದಯದ ಯಂತ್ರಕ್ಕೂ ಒಂದು ಪಾಸ್‌ವರ್ಡ್ ಹಾಕಿಬಿಡಬಹುದಲ್ಲ? ತೊಡಕು ಇರುವುದು ಇಲ್ಲೇ.

ಡೊಂಬಿವಲಿ, ಠಾಣೆಯ ಬಿಲ್ಡಿಂಗುಗಳಲ್ಲಿ, ಮಕ್ಕಳು ಹೊರದೇಶದಲ್ಲಿದ್ದು ಒಬ್ಬರೇ ಉಳಿದ ಹಿರಿಯರು ಲ್ಯಾಚ್‌ನ ಇನ್ನೊಂದು ಕೀಲಿಯನ್ನು ಎದುರು ಮನೆಯಲ್ಲಿ ಕೊಟ್ಟಿರುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬೇಡಿ ಎಂದು ಮಕ್ಕಳು ಫೋನಿನಲ್ಲಿ ಹೇಳುತ್ತಲೇ ಇರುತ್ತಾರೆ. ಕಳ್ಳನನ್ನು ತಡೆಯುವ ಅದೇ ಚಿಲಕ, ಬಚ್ಚಲಲ್ಲಿ ಬಿದ್ದ ದಿನ ನೆರವಿಗೆ ಬಂದವರನ್ನೂ ತಡೆಯುತ್ತದೆ. ಎದೆಯೊಳಗಿನ ಸಾಧನದ್ದೂ ಇದೇ ಪಾಡು. ಮುಲುಂಡಿನಲ್ಲಿ ಹಾಕಿಸಿಕೊಂಡವರು ಕಲ್ಯಾಣದಲ್ಲಿ ಕುಸಿದು ಬೀಳಬಹುದು, ರಜೆಗೆ ಹೋದಾಗ ಕುಂದಾಪುರದಲ್ಲಿ ಬೀಳಬಹುದು. ಪ್ರಜ್ಞೆಯಿಲ್ಲದವರ ಹತ್ತಿರ ಪಾಸ್‌ವರ್ಡ್ ಕೇಳುವುದು ಹೇಗೆ? ಅಲ್ಲಿನ ವೈದ್ಯರು ಆ ಸಾಧನಕ್ಕೆ ಅಪರಿಚಿತರೇ. ಆದರೂ ಅವರಿಗೆ ತೆರೆಯಲೇಬೇಕು.

ಹಾಗಾದರೆ ಎರಡನೆಯ ಕೀಲಿ ಎಲ್ಲಿರಬೇಕು? ಕಂಪನಿಯ ಸರ್ವರಿನಲ್ಲಿಟ್ಟರೆ, ನಡುರಾತ್ರಿ ಇಂಟರ್ನೆಟ್ ಹೋದರೆ ಕೀಲಿಯೂ ಹೋಯಿತು. ಕಾರ್ಡಿನಲ್ಲೋ ಕೈಬಳೆಯಲ್ಲೋ ಇಟ್ಟರೆ ಲೋಕಲ್ ನೂಕುನುಗ್ಗಲಿನಲ್ಲಿ ಕಳೆದೀತು. ಮೈಕ್ರೊಸಾಫ್ಟಿನ ಸ್ಟುವರ್ಟ್ ಷೆಕ್ಟರ್ 2010ರಲ್ಲಿ ಇನ್ನೊಂದು ಉಪಾಯ ಸೂಚಿಸಿದರು: ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಶಾಯಿಯಲ್ಲಿ ಚರ್ಮದ ಮೇಲೇ ಹಚ್ಚೆ ಹಾಕಿಸುವುದು. ಅಪಘಾತದಲ್ಲಿ ಆ ಚರ್ಮವೇ ಸುಟ್ಟರೆ, ಹರಿದರೆ, ಕಷ್ಟ.

ಐಐಟಿ ಮದ್ರಾಸಿನಲ್ಲಿ ಓದಿ ಎಂಐಟಿಗೆ ಹೋಗಿದ್ದ ಶ್ಯಾಮನಾಥ ಗೊಲ್ಲಕೋಟ 2011ರಲ್ಲಿ ಸಂಗಡಿಗರೊಂದಿಗೆ ಬಾಗಿಲಿಗೆ ಕಾವಲುಗಾರನನ್ನೇ ಕೂರಿಸುವ ದಾರಿ ತೋರಿಸಿದರು. ಮೈಮೇಲೆ ಧರಿಸುವ ಒಂದು ಚಿಕ್ಕ ಯಂತ್ರ ಸಾಧನದ ಮಾತಿನ ಮೇಲೆ ಬೇಕೆಂದೇ ಗದ್ದಲ ಎಬ್ಬಿಸುತ್ತದೆ. ಹೊರಗಿನವರಿಗೆ ಕೇಳುವುದು ಗದ್ದಲ ಮಾತ್ರ. ಗದ್ದಲ ಎಬ್ಬಿಸಿದ ಯಂತ್ರಕ್ಕೆ ತನ್ನ ಗದ್ದಲ ಎಂಥದ್ದೆಂದು ಗೊತ್ತಿರುವುದರಿಂದ ಅದನ್ನು ಕಳೆದು ಮಾತನ್ನು ಉಳಿಸಿಕೊಳ್ಳುತ್ತದೆ, ಅರ್ಹರಿಗೆ ದಾಟಿಸುತ್ತದೆ. ತುರ್ತಿನಲ್ಲಿ ವೈದ್ಯರು ಅದನ್ನು ಕಳಚಿ ಪಕ್ಕಕ್ಕಿಟ್ಟರೆ ದಾರಿ ಸಲೀಸು. ಈಗಾಗಲೇ ಎದೆಯೊಳಗಿರುವ ಹಳೆಯ ಸಾಧನಕ್ಕೂ ಇದು ಒಗ್ಗುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಆದರೆ ಧರಿಸಲು ಮರೆತ ದಿನ ಕಾವಲಿಲ್ಲ.

ಎದೆಬಡಿತವೇ ಕೀಲಿ

2013ರಲ್ಲಿ ರೈಸ್ ವಿಶ್ವವಿದ್ಯಾಲಯದ ಮಸೂದ್ ರೊಸ್ತಾಮಿ ಮತ್ತು ಫರಿನಾಜ್ ಕೌಶನ್‌ಫರ್, ಗೂಢಲಿಪಿ ತಜ್ಞ ಆರಿ ಜುವೆಲ್ಸ್ ಜತೆಗೂಡಿ ಕೇಳಿದ ಪ್ರಶ್ನೆ ಬೇರೆ: ಕೀಲಿಯನ್ನು ಎಲ್ಲೂ ಇಡದೇ ಇದ್ದರೆ?

ನಾಡಿ ಹಿಡಿದು ನೋಡಿದರೆ ಬಡಿತಗಳು ಸಮಾನ ಅಂತರದಲ್ಲಿ ಬರುತ್ತಿವೆ ಎನ್ನಿಸುತ್ತದೆ. ಇಸಿಜಿಯಲ್ಲಿ ಅಳೆದರೆ ಹಾಗಿಲ್ಲ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ 812 ಮಿಲಿಸೆಕೆಂಡ್ ಇದ್ದರೆ, ಅದರ ಮುಂದಿನದು 797, ಮತ್ತೊಂದು 826 ಹೀಗಿರಬಹುದು. ನೂರರ ಸ್ಥಾನದ ಅಂಕಿಯನ್ನು ಯಾರಾದರೂ ಊಹಿಸಿಯಾರು. ಕೊನೆಯ ಅಂಕಿಗಳು ಮಾತ್ರ ಯಾರ ಊಹೆಗೂ ಸಿಗದೆ ಏರುಪೇರಾಗುತ್ತಿರುತ್ತವೆ. ಉಸಿರು, ನರಗಳ ಹಿಡಿತ, ರಕ್ತದೊತ್ತಡ ಎಲ್ಲ ಕೂಡಿ ಕ್ಷಣಕ್ಷಣಕ್ಕೂ ಅವನ್ನು ಬದಲಿಸುತ್ತವೆ.

ಈ ಏರುಪೇರೇ ಕೀಲಿ. ವೈದ್ಯರು ಪ್ರೋಗ್ರಾಮರಿನ ಎಲೆಕ್ಟ್ರೋಡನ್ನು ರೋಗಿಯ ಚರ್ಮಕ್ಕೆ ಹಚ್ಚುತ್ತಾರೆ. ಹೊರಗಿನಿಂದ ಪ್ರೋಗ್ರಾಮರ್, ಒಳಗಿನಿಂದ ಸಾಧನ, ಇಬ್ಬರೂ ಅದೇ ಕೆಲವು ಸೆಕೆಂಡುಗಳ ಬಡಿತಗಳನ್ನು ಅಳೆಯುತ್ತಾರೆ. ಆಮೇಲೆ, ಕದ್ದು ಕೇಳುವವರಿಗೆ ಅಂಕಿಗಳು ಸಿಗದಂತೆ ಗೂಢಲಿಪಿಯಲ್ಲಿ ಮುಚ್ಚಿ, ತಾಳೆ ನೋಡುತ್ತಾರೆ. ಎರಡೂ ಹೊಂದಿದರೆ ಸಾಧನಕ್ಕೆ ಖಾತ್ರಿಯಾಗುತ್ತದೆ: ಈಗ, ಈ ಗಳಿಗೆಯಲ್ಲಿ, ಇವರು ನನ್ನ ರೋಗಿಯನ್ನು ಮುಟ್ಟಿದ್ದಾರೆ.

ಹಿಂದಿನ ಎರಡು ತೊಡಕುಗಳೂ ಇದರಲ್ಲಿ ಬಿಡಿಸಿಕೊಳ್ಳುತ್ತವೆ. ಯಾವ ಊರಿನ ಯಾವ ವೈದ್ಯರಾದರೂ ಮುಟ್ಟಿ ಬಾಗಿಲು ತೆರೆಸಬಹುದು. ಅವರ ಹತ್ತಿರ ಮೊದಲೇ ಏನೂ ಇರಬೇಕಿಲ್ಲ. ಮರುನುಡಿ ದಾಳಿಯೂ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ನಿನ್ನೆ ಕದ್ದ ಬಡಿತ ಇವತ್ತಿನದಕ್ಕೆ ಹೊಂದುವುದಿಲ್ಲ. ಲೋಕಲ್ ಗದ್ದಲದಲ್ಲಿ ಬ್ಯಾಗಿನೊಳಗೆ ರೇಡಿಯೊ ಇಟ್ಟುಕೊಂಡು ಒತ್ತಿ ನಿಂತವನಿಗೆ ಅಂತರ ಕಡಿಮೆಯಾಗಿದ್ದರೂ ಕೀಲಿ ಸಿಗುವುದಿಲ್ಲ. ಶರ್ಟಿನ ಮೇಲಿಂದ ಇಸಿಜಿ ತೆಗೆಯುವುದು ಸುಲಭವಲ್ಲ.

ಇದಕ್ಕೂ ಮಿತಿಗಳಿವೆ. 2010ರಲ್ಲೇ ಎಂಐಟಿಯವರು ಮುಖದ ಬಣ್ಣದ ಸೂಕ್ಷ್ಮ ಏರಿಳಿತವನ್ನು ಮಾಮೂಲಿ ವೆಬ್‌ಕ್ಯಾಮೆರಾದಲ್ಲಿ ಹಿಡಿದು ನಾಡಿಯ ವೇಗ ಲೆಕ್ಕ ಹಾಕಿದ್ದರು. ಕ್ಯಾಮೆರಾ ಮಿಲಿಸೆಕೆಂಡಿನ ನಿಖರತೆಗೆ ಬಂದರೆ ಮುಟ್ಟದೆಯೂ ಮುಟ್ಟಿದಂತಾದೀತು. ಇನ್ನು ಪ್ರತಿ ಬಡಿತಕ್ಕೂ ಪೇಸ್‌ಮೇಕರನ್ನೇ ನೆಚ್ಚಿದ ಹೃದಯದಲ್ಲಿ ಅಂತರಗಳು ಯಂತ್ರದ ಅಚ್ಚಿನಂತೆ ಸಮ. ಅಲ್ಲಿ ಕೀಲಿಗೆ ಬೇಕಾದ ಏರುಪೇರೇ ಸಾಲದು. ಪ್ರಯೋಗಾಲಯದ ಉಪಾಯ ಎದೆಯೊಳಗೆ ಇಳಿಯಲು ಹೊತ್ತು ಹಿಡಿಯುವುದು ಇಂಥ ಕಾರಣಗಳಿಗೆ.

ಮೂರು ನಿಮಿಷ, 67 ಬಡಿತ

ಒಳಗಿರುವ ಬೀಗವನ್ನು ರಿಪೇರಿ ಮಾಡುವುದು ಹೇಗೆ? 2017ರ ಆಗಸ್ಟ್ 29ರಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಬಾಟ್ ಕಂಪನಿಯ ಸುಮಾರು 4,65,000 ಪೇಸ್‌ಮೇಕರುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿಕೊಳ್ಳಬಹುದೆಂದು ಪ್ರಕಟಿಸಿತು. ಹತ್ತಿರದಲ್ಲಿರುವ ದುಷ್ಕರ್ಮಿ ಬ್ಯಾಟರಿ ಬೇಗ ಖಾಲಿ ಮಾಡಬಹುದು, ಬಡಿತ ಬದಲಿಸಬಹುದು ಎಂಬುದು ಕಾರಣ. ಹಾಗೆ ಯಾವ ರೋಗಿಗೂ ಹಾನಿಯಾದ ವರದಿ ಬಂದಿಲ್ಲ ಎಂದೂ ಹೇಳಿತು.

ಫೋನಿನ ಅಪ್‌ಡೇಟ್‌ನಂತೆ ಇದನ್ನು ಮನೆಯಲ್ಲಿ ಮಾಡುವಂತಿರಲಿಲ್ಲ. ಆಸ್ಪತ್ರೆಗೆ ಹೋಗಬೇಕು, ಸುಮಾರು ಮೂರು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ಸಾಧನ ನಿಮಿಷಕ್ಕೆ 67 ಬಡಿತದ ಆಪತ್ಕಾಲದ ಕ್ರಮಕ್ಕೆ ಜಾರುತ್ತದೆ. ಅಪ್‌ಡೇಟ್ ಕೆಟ್ಟು ಸಾಧನವೇ ನಿಂತುಹೋಗುವ ಸಂಭವ ತೀರಾ ಕಡಿಮೆ, ಆದರೆ ಸೊನ್ನೆಯಲ್ಲ. ಆದ್ದರಿಂದ ಎಲ್ಲರೂ ಓಡಿಬನ್ನಿ ಎನ್ನಲಿಲ್ಲ, ಮುಂದಿನ ಚೆಕಪ್‌ನಲ್ಲಿ ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಿ ಎಂದರು. ಹ್ಯಾಕರಿನ ಭಯವನ್ನೂ ಅಪ್‌ಡೇಟಿನ ಅಪಾಯವನ್ನೂ ತೂಗಿ ನೋಡಬೇಕಾದ ಸ್ಥಿತಿ. ಸಾಧನವೇ ಬೇಡ ಎನ್ನುವುದಂತೂ ಈ ತೂಕಕ್ಕೆ ಬರುವ ಮಾತೇ ಅಲ್ಲ: ದಾಳಿ ಈವರೆಗೆ ಪ್ರಯೋಗಾಲಯದ್ದು, ನಿಲ್ಲುವ ಹೃದಯ ನಿಜದ್ದು.

ಗುಟ್ಟು ಸೋರುವುದು ಎಲ್ಲಿ?

ಎದೆಗೆ ದಾಳಿ ಅಪರೂಪ. ಎದೆಯ ಮಾಹಿತಿ ಸೋರುವುದು ಅಷ್ಟು ಅಪರೂಪವಲ್ಲ. ಹೊಸ ಪೇಸ್‌ಮೇಕರುಗಳು ಬ್ಲೂಟೂತ್ ಮೂಲಕ ರೋಗಿಯ ಫೋನಿಗೆ, ಅಲ್ಲಿಂದ ಕಂಪನಿಯ ಸರ್ವರಿಗೆ, ಅಲ್ಲಿಂದ ಆಸ್ಪತ್ರೆಯ ಕಂಪ್ಯೂಟರಿಗೆ ವರದಿ ಕಳಿಸುತ್ತವೆ. ಮೊದಲ ಹೆಜ್ಜೆಗೆ ಎಷ್ಟೇ ಬೀಗ ಹಾಕಿದರೂ ಕೊನೆಯ ಕಂಪ್ಯೂಟರು ತೆರೆದಿದ್ದರೆ ಏನು ಬಂತು? 2018ರ ಜುಲೈಯಲ್ಲಿ ವಾಶಿಯ ಒಂದು ಆಸ್ಪತ್ರೆಯ ಕಡತಗಳನ್ನು ದುಷ್ಕರ್ಮಿಗಳು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಬಿಟ್‌ಕಾಯಿನ್ ಕೇಳಿದ್ದರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಇಂಥದೇ ದಾಳಿಗೆ ಸಿಕ್ಕಿ ದಿನಗಟ್ಟಲೆ ಕಾಗದ ಪೆನ್ನಿನಲ್ಲಿ ಕೆಲಸ ನಡೆಸಿತು.

ಕದಿಯದೆಯೂ ಮಾಹಿತಿ ಬೇರೆಯವರ ಕೈಸೇರಬಹುದು. ಅಮೆರಿಕದ ಓಹಾಯೋದಲ್ಲಿ 2016ರಲ್ಲಿ ಒಬ್ಬರ ಮನೆಗೆ ಬೆಂಕಿ ಬಿತ್ತು. ಕಿಟಕಿ ಒಡೆದು ಸಾಮಾನು ಹೊರಗೆಸೆದು ಪಾರಾದೆ ಎಂದು ಅವರೆಂದರು. ಪೊಲೀಸರು ವಾರಂಟ್ ತಂದು ಅವರ ಪೇಸ್‌ಮೇಕರಿನ ದಾಖಲೆ ತೆಗೆಸಿದರು. ಆ ಹೊತ್ತಿನ ಬಡಿತ ನೋಡಿದ ವೈದ್ಯರು ಕಥೆ ಹೊಂದುವುದಿಲ್ಲ ಎಂದರು. ಅದನ್ನು ಸಾಕ್ಷ್ಯವಾಗಿ ಬಳಸಬಹುದೆಂದು 2017ರಲ್ಲಿ ನ್ಯಾಯಾಲಯ ಒಪ್ಪಿತು. ಜೀವ ಉಳಿಸಲೆಂದು ಒಳಗಿಟ್ಟ ಯಂತ್ರ ಮಾಲೀಕನ ವಿರುದ್ಧವೇ ಸಾಕ್ಷಿ ನುಡಿಯಿತು.

ಅದೇ 2017ರ ಆಗಸ್ಟ್ 24ರಂದು, ಎಫ್‌ಡಿಎ ಪ್ರಕಟಣೆಗೆ ಐದು ದಿನ ಮೊದಲು, ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ನಡೆದ ಚರ್ಚೆಯ ಫಲವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಆದರೆ 2011ರ ಹಳೆಯ ನಿಯಮಗಳು ವೈದ್ಯಕೀಯ ದಾಖಲೆಯನ್ನು ‘ಸೂಕ್ಷ್ಮ’ ಎಂದು ಬೇರೆಯಾಗಿ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ಬೇರೆ ಪಂಕ್ತಿ ಇಲ್ಲ. ಹೃದಯದ ಲಯಕ್ಕೂ ಫೋನ್ ನಂಬರಿಗೂ ಅಲ್ಲಿ ಒಂದೇ ಸಾಲು.

ಚೆಕಪ್‌ನಲ್ಲಿ ಕೇಳಬೇಕಾದ್ದು

ಅಮೆರಿಕದಲ್ಲಿ 2023ರಿಂದ, ಇಂಟರ್ನೆಟ್ಟಿಗೆ ಸೇರಬಲ್ಲ ವೈದ್ಯಕೀಯ ಸಾಧನಕ್ಕೆ ಅನುಮತಿ ಕೇಳುವ ಕಂಪನಿ, ದೋಷ ಕಂಡರೆ ಹೇಗೆ ಸರಿಪಡಿಸುತ್ತೇನೆ ಎಂಬ ಯೋಜನೆಯನ್ನೂ ಒಪ್ಪಿಸಬೇಕು. ಅಲ್ಲಿ ಬಿಗಿಯಾದ ಬೀಗ ಇಲ್ಲಿಗೆ ಬರುವ ಅದೇ ಮಾಡೆಲಿಗೂ ಉಪಯೋಗ. ಇಲ್ಲಿನ ರೋಗಿ ಮಾಡಬಹುದಾದ್ದು ಕೇಳುವುದು.

‘ಬ್ಯಾಟರಿ ಇನ್ನೆಷ್ಟು ವರ್ಷ ಬರ್ತದೆ ಡಾಕ್ಟ್ರೇ?’ ಎಂದು ಎಲ್ಲರೂ ಕೇಳುತ್ತಾರೆ. ಅದರ ಜತೆಗೆ ಇನ್ನು ಮೂರು ಕೇಳಿ. ನನ್ನ ಮಾಡೆಲಿಗೆ ಬಂದ ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದೆಯೆ? ನನ್ನ ಸಾಧನ ಮನೆಯಿಂದ ವರದಿ ಕಳಿಸುತ್ತದೆಯೆ, ಕಳಿಸಿದರೆ ಯಾರು ಯಾರು ನೋಡುತ್ತಾರೆ? ಇವತ್ತಿನ ಪ್ರಿಂಟೌಟಿನ ಒಂದು ಪ್ರತಿ ನನಗೆ ಸಿಗುತ್ತದೆಯೆ? ಮನೆಯಲ್ಲಿ ಹಾಸಿಗೆ ಪಕ್ಕದ ಪೆಟ್ಟಿಗೆ ಇದ್ದರೆ ಭಯಪಟ್ಟು ಪ್ಲಗ್ ಕೀಳಬೇಡಿ. ಕೆಲವು ದೋಷಗಳ ರಿಪೇರಿ ಬರುವುದೇ ಅದರ ಮೂಲಕ. ಸಾಧನ ವಿಚಿತ್ರವಾಗಿ ವರ್ತಿಸಿದ್ದು ಕಂಡರೆ ವೈದ್ಯರಿಂದ ವರದಿ ಮಾಡಿಸಿ. ಸಾಧನಗಳ ತೊಂದರೆ ದಾಖಲಿಸಲೆಂದೇ 2015ರಲ್ಲಿ ಭಾರತ ಸರ್ಕಾರ ಶುರುಮಾಡಿದ ಕಾರ್ಯಕ್ರಮವೊಂದನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗ ನಡೆಸುತ್ತಿದೆ. ಅಲ್ಲಿ ಬರೆಸಿದ ದೂರಿಗೆ ಲೆಕ್ಕ ಇರುತ್ತದೆ. ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಆಡಿಕೊಂಡ ದೂರಿಗೆ ಇರುವುದಿಲ್ಲ.